ಮೀಥೇನ್ ಪುಡಿ, ಹಾಲು, ಮತ್ತ ನಿಮ್ಮ ಯೂರಿಯಾ ಚೀಲ

ಪ್ರಶ್ನೆ: ಡಾಕ್ಟ್ರೇ, ಆಕಳು ತೇಗಿ ಬಿಡೋ, ಭೂಮಿ ಬಿಸಿ ಮಾಡೋ ಮೀಥೇನ್ ಗ್ಯಾಸ್ ಕಡಿಮಿ ಮಾಡೋ ಪುಡಿ ತಿಂದ ಆಕಳ ಹಾಲು ಮಕ್ಕಳಿಗೆ ಕುಡಿಸಬಹುದಾ? ಗಂಡಸರಿಗೆ ಮಕ್ಕಳಾಗಂಗಿಲ್ಲ ಅಂತ ವಾಟ್ಸಾಪ್‌ನ್ಯಾಗ ಬಂದೈತಿ. (ಸಿಂಧನೂರು)

ಆ ವಿಡಿಯೋ ನನಗೂ ಸಾಕಾಗುವಷ್ಟು ಬಂದೈತ್ರಿ. 2024ರ ಕಡೀಗೆ ಬ್ರಿಟನ್ನಿನ್ಯಾಗ ಆರ್ಲಾ ಅನ್ನೋ ಹಾಲಿನ ಕಂಪನಿ ಬೋವೇರ್ ಅನ್ನೋ ಪುಡಿ ಟ್ರಯಲ್ ಮಾಡ್ತೀವಿ ಅಂದಾಗ ಜನ ಹಾಲು ಸಿಂಕಿಗೆ ಸುರುವಿದ್ರಲ್ಲ, ಅದು. ಅದರಾಗಿರೋ ರಾಸಾಯನಿಕ 3-ಎನ್‌ಒಪಿ ಆಕಳ ಹೊಟ್ಯಾಗ ಮೀಥೇನ್ ಮಾಡೋ ಸೂಕ್ಷ್ಮಾಣುವಿನ ಒಂದು ಕಿಣ್ವ ತಡದು ಅಲ್ಲೇ ಒಡದು ಹೋಗ್ತೈತಿ, ಹಾಲಿಗೆ ಬರಂಗಿಲ್ಲ. ಯುರೋಪು 2022ರಾಗ ಒಪ್ಪಿಗಿ ಕೊಟ್ಟೈತಿ, ಅಮೆರಿಕದ ಆಹಾರ-ಔಷಧ ನೋಡ್ಕೊಳ್ಳೋ ಸಂಸ್ಥೆ ಎಫ್‌ಡಿಎ 2024ರಾಗ ಪರಿಶೀಲನೆ ಮುಗಿಸೈತಿ. ಗಂಡಸರ ಮಾತು ಹುಟ್ಟಿದ್ದು ಲ್ಯಾಬಿನ ಪ್ರಾಣಿಗಳಿಗೆ ಭಾರಿ ಡೋಸ್ ಕೊಟ್ಟಾಗ. ಎಚ್ಚರ ಬೇಕಾದ್ದು ಶುದ್ಧ ಪುಡಿ ಕಲಸೋನಿಗೆ, ಕಣ್ಣು, ಚರ್ಮ, ಉಸುರಿಗೆ ಅದು ಆಗಿಬರಂಗಿಲ್ಲ, ಮಾಸ್ಕು ಗ್ಲೌಸು ಇಲ್ಲದ ಮುಟ್ಟಬ್ಯಾಡ್ರಿ. ಡೆನ್ಮಾರ್ಕ್‌ನ್ಯಾಗ 2025ರಾಗ ಕೆಲವು ರೈತರು ಆಕಳಿಗೆ ಭೇದಿ ಆತು, ಮೇವು ಬಿಟ್ಟಾವು ಅಂತ ದೂರ್‍ಯಾರ, ಅದನ್ನ ನಾ ತಳ್ಳಿಹಾಕಂಗಿಲ್ಲ, ಆದ್ರ ಅದು ಆಕಳ ಆರೋಗ್ಯದ ಮಾತು, ನಿಮ್ಮ ಚಹಾದ್ದಲ್ಲ.

ನನಗ ಸಿಟ್ಟು ಬರೋದು ಬ್ಯಾರೆ ಕಡೆ. ಸಂತ್ಯಾಗ ಲೇಬಲ್ಲಿಲ್ಲದ "ಗ್ಯಾಸ್ ಕಂಟ್ರೋಲ್" ಪ್ಯಾಕೆಟ್ ಮಾರ್ತಾರ. ಒಬ್ರು ತಂದು ತೋರ್ಸಿದ್ರು, ಬಿಳಿ ಗುಂಡು ಕಾಳು, ನೀರಾಗ ಹಾಕಿದ್ರ ಲೋಟನ ತಣ್ಣಗಾತು. ಯೂರಿಯಾ ಗೊಬ್ಬರನ ಅದು! ಯೂರಿಯಾ ಹೆಚ್ಚಾದ್ರ ಹೊಟ್ಟಿ ಉಬ್ಬಿ, ಬಾಯಾಗ ನೊರಿ ಬಂದು, ನಡುಗಿ ಬೀಳ್ತಾವು, ಅದಕ್ಕ ಮದ್ದು ಅಂತ ವಿನೆಗರ್ ಕುಡಿಸೋದ್ರಾಗ ಕಥಿ ಮುಗದಿರತೈತಿ. ನೈಟ್ರೇಟ್ ಅನ್ನೋ ಇನ್ನೊಂದು ಉಪ್ಪು ಮೀಥೇನ್ ಕಡಿಮಿ ಮಾಡೋದು ಖರೆ, ಆದ್ರ ಅಳತಿ ತಪ್ಪಿದ್ರ ರಕ್ತ ಚಾಕೊಲೇಟ್ ಬಣ್ಣಕ್ಕ ತಿರುಗಿ ಆಕಳು ಉಸುರು ಸಿಗದ ಸಾಯ್ತೈತಿ. ಹಂಗಿದ್ರೂ ಹಾಕಲೇಬೇಕಂದ್ರ ದನದ ಮೇವಿನ ಸಂಶೋಧನೆ ಮಾಡೋ ಬೆಂಗಳೂರಿನ ನಿಯಾನ್ಪ್ ಸಂಸ್ಥೆಯವರು ಟ್ಯಾನಿನ್ ಅನ್ನೋ ಒಗರು ಅಂಶ ಇರೋ ಗಿಡಮೂಲದಿಂದ ಮಾಡಿದ ಹರಿತ್ ಧಾರಾ ಐತಿ, ಮೀಥೇನ್ 17-20% ಇಳೀತೈತಿ ಅಂತಾರ. ಹಂಗಂತ ಮನ್ಯಾಗ ಹುಣಸಿ ಬೀಜದ ಸಿಪ್ಪಿ ಕುಟ್ಟಿ ಬುಟ್ಟಿಗಟ್ಲೆ ಗೋದಲ್ಯಾಗ ಸುರುವಬ್ಯಾಡ್ರಿ, ಟ್ಯಾನಿನ್ ಹೆಚ್ಚಾದ್ರ ಆಕಳು ಮೇವನ್ನ ಮೂಸೂದಿಲ್ಲ, ಹಾಲೂ ಇಳೀತೈತಿ.

ಪ್ರಶ್ನೆ: ಈ ಬೋವೇರ್ ಬಿಲ್ ಗೇಟ್ಸ್ ಮಾಡಿದ್ದಂತಲ್ಲ? (ಗಂಗಾವತಿ)

ಅವ್ರ ರೊಕ್ಕ ಇರೋದು ರೂಮಿನ್8 ಅನ್ನೋ ಬ್ಯಾರೆ ಕಂಪನ್ಯಾಗ. ಮುಂದ.

ಪ್ರಶ್ನೆ: ದನದ ಫೀಡು ಕುದುರಿಗೂ ಹಾಕಲೇನು? (ಸಿರುಗುಪ್ಪ)

ಅದರಾಗ ಮೊನೆನ್ಸಿನ್ ಅನ್ನೋ ಔಷಧ ಇದ್ರ ಕುದುರಿ ಸಾಯ್ತೈತಿ. ಬ್ಯಾಡ.

ಪ್ರಶ್ನೆ: ತಿಂಗಳ ಕರುವಿಗೆ ಮೀಥೇನ್ ಪುಡಿ ಎಷ್ಟು ಹಾಕ್ಬೇಕು? (ಕುಷ್ಟಗಿ)

ಮೆಲುಕು ಹಾಕೋ ಹೊಟ್ಟಿನ ಇನ್ನೂ ತಯಾರಾಗಿಲ್ಲ, ಅದು ಎಲ್ಲಿಂದ ಮೀಥೇನ್ ಬಿಡ್ಬೇಕ್ರಿ? ಹಾಲು ಕುಡಿಸ್ರಿ.