ತೂಬಿನ ಬಳಿ ಬಿದ್ದ ಹೆಣ

ಓದುಗರ ಪತ್ರ: “1879ರಲ್ಲಿ ಗುಡಿಬಂಡೆ ಸೀಮೆಯ ಬಡ ಹಳ್ಳಿಯೊಂದರಲ್ಲಿ ನಡೆಯುವ ನೀರಗಂಟಿಯ ಕೊಲೆ ಕುರಿತ ನನ್ನ ಕಾದಂಬರಿಯನ್ನು ಎರಡೇ ಸಾಲು ಬರೆದು ವಾಪಸು ಕಳಿಸಿದ್ದೀರಿ. ಕೊಲೆಗಾರ ಯಾರೆಂಬ ಗುಟ್ಟನ್ನು ಕೊನೇ ಪುಟದವರೆಗೂ ಬಿಟ್ಟುಕೊಟ್ಟಿಲ್ಲ. ಇನ್ನೇನು ಬೇಕಿತ್ತು?” – ಬಾಗೇಪಲ್ಲಿ ತಾಲ್ಲೂಕಿನ ಒಬ್ಬ ಓದುಗರು

ಸಂಪಾದಕರ ಉತ್ತರ:

ಸ್ವಾಮಿ, ನಿಮ್ಮ ಸಿಟ್ಟು ನ್ಯಾಯವೇ. ಮುನ್ನೂರು ಪುಟ ಬರೆದವರಿಗೆ ಎರಡು ಸಾಲಿನ ಚೀಟಿ ಕಳಿಸಿದ್ದು ನನ್ನ ಸೋಮಾರಿತನ. ಬಡ್ಡಿ ಸಮೇತ ತೀರಿಸುತ್ತೇನೆ.

ಮೊದಲು ಸಣ್ಣಪುಟ್ಟ ತಪ್ಪುಗಳು. ನಿಮ್ಮ ಪತ್ತೇದಾರ ಬೆರಳಚ್ಚು ತೆಗೆಸುತ್ತಾನೆ. ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಶುರುವಾದದ್ದೇ 1897ರಲ್ಲಿ. ತಾಲ್ಲೂಕಿನ ಅಧಿಕಾರಿ ಅಮಲ್ದಾರ ‘ಮಹಾರಾಜರ ಆಜ್ಞೆ’ ಅಂತ ಗುಡುಗುತ್ತಾನೆ; 1831ರಿಂದ 1881ರವರೆಗೆ ಮೈಸೂರು ಇದ್ದದ್ದು ಇಂಗ್ಲಿಷರ ಕಮಿಷನರುಗಳ ಕೈಯಲ್ಲಿ. ಊರು ‘ಚಿಕ್ಕಬಳ್ಳಾಪುರ ಜಿಲ್ಲೆ’ಯದು ಅಂದಿದ್ದೀರಿ; ಅದು ಜಿಲ್ಲೆಯಾದದ್ದು 2007ರಲ್ಲಿ. ಇವನ್ನೆಲ್ಲ ಒಂದು ಮಧ್ಯಾಹ್ನ ಕೂತು ತಿದ್ದಬಹುದು.

ನನಗೆ ಬೇಜಾರಾದದ್ದು ನೀರಗಂಟಿಯ ವಿಷಯಕ್ಕೆ. ಅವನನ್ನು ಎರಡನೇ ಪುಟದಲ್ಲೇ ಕೊಂದು, ಬೆಂಗಳೂರಿನ ಪತ್ತೇದಾರನ ಕುದುರೆ ಹಿಂದೆ ಹೊರಟುಬಿಟ್ಟಿರಿ. ಆ ಕಾಲದ ನೀರಗಂಟಿ ಅಂದರೆ ಯಾರು? ಬಹುಪಾಲು ಊರಾಚೆಯ ಕೇರಿಯವನು, ಗದ್ದೆ ಹೆಚ್ಚೇನೂ ಇಲ್ಲದವನು. ಆದರೆ ಕೆರೆಯ ತೂಬು ಎತ್ತುವವನು, ಇಳಿಸುವವನು ಅವನೇ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅವನು ಹೇಳುವವರೆಗೆ ಪಟೇಲನೂ ಬದುವಿನ ಮೇಲೆ ಕಾಯಬೇಕು. ಸುಗ್ಗಿಯಲ್ಲಿ ಅದೇ ಪಟೇಲನ ಕಣದ ಅಂಚಿನಲ್ಲಿ, ತನ್ನ ಆಯದ ಕಾಳಿಗೆ, ಅಂದರೆ ಊಳಿಗಕ್ಕೆ ಸಿಗುವ ಪಾಲಿಗೆ, ಅವನು ಕಂಬಳಿ ಒಡ್ಡಿ ನಿಲ್ಲಬೇಕು. ಕೊಲೆ ಈ ನಂಟಿನೊಳಗೇ ಇದೆಯಲ್ಲ ಸ್ವಾಮಿ!

1876ರಲ್ಲಿ ಶುರುವಾದ ಧಾತು ಸಂವತ್ಸರದ ಬರವನ್ನು ನೀವು ಒಂದು ಪ್ಯಾರಾದಲ್ಲಿ ದಾಟಿಬಿಟ್ಟಿದ್ದೀರಿ. 1871ರಲ್ಲಿ 50 ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷವೂ ಇರಲಿಲ್ಲ. ನಿಮ್ಮ ಹಳ್ಳಿಯಲ್ಲಿ ಮಾತ್ರ ಎಲ್ಲ ಮನೆಯಲ್ಲೂ ಮುದ್ದೆ, ಹುರುಳಿ ಸಾರು! ಸತ್ತವರ ಗದ್ದೆಯನ್ನು ಯಾರು ಉತ್ತರು? ಆ ಗದ್ದೆಯ ನೀರಿನ ಸರದಿ ಯಾರ ಪಾಲಾಯಿತು? ಶಾನುಭೋಗನ ಕಡತದಲ್ಲಿ ಅದು ಯಾರ ಹೆಸರಿಗೆ ಏರಿತು? ಇಷ್ಟನ್ನು ಹುಡುಕಿ, ಕೊಲೆಗಾರ ತಾನಾಗಿ ಸಿಗುತ್ತಾನೆ.

ಗುಟ್ಟಿನ ಮಾತಿಗೆ ಬರೋಣ. ಮೂವತ್ತು ಮನೆಯ ಊರಲ್ಲಿ ಕೊಂದವನಾರೆಂದು ದೀಪ ಹಚ್ಚುವ ಹೊತ್ತಿಗೆ ಎಲ್ಲರಿಗೂ ಗೊತ್ತಿರುತ್ತದೆ. ಊರ ಚಾಕರಿಯ ಆಳಾದ ತೋಟಿಗಂತೂ ಪಟೇಲನಿಗಿಂತ ಮೊದಲೇ. ಕುತೂಹಲ ಇರುವುದು ಅದನ್ನು ಕಚೇರಿಯಲ್ಲಿ ಬಾಯಿಬಿಟ್ಟು ಹೇಳುವವರು ಯಾರು ಅನ್ನುವಲ್ಲಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಿಗೆ ತರುವಂತಿಲ್ಲ ಅನ್ನುತ್ತಿತ್ತು 1872ರ ಸಾಕ್ಷ್ಯ ಕಾಯ್ದೆ. ಹಾಗಾಗಿ ಕೊನೆಯಲ್ಲಿ ಅಪರಾಧಿ ಇನ್ಸ್‌ಪೆಕ್ಟರ ಕಾಲಿಗೆ ಬಿದ್ದು ಅತ್ತರೆ ಕಥೆ ಮುಗಿಯದು. ಸಾಕ್ಷಿ ಬೇಕು. ಆ ಸಾಕ್ಷಿ ಪಟೇಲನ ಕಾಳು ತಿನ್ನುವ ತೋಟಿಯೇ ಆದರೆ?

ಇನ್ನೊಂದು. ನಿಮ್ಮ ಕಡೆ ಮನೆಮಾತು ತೆಲುಗು. ಕಾದಂಬರಿಯಲ್ಲಿ ಎಲ್ಲರೂ ಮೈಸೂರು ಅಗ್ರಹಾರದವರ ಹಾಗೆ ಮಾತಾಡುತ್ತಾರೆ. ತೋಟಿ ತೆಲುಗಿನಲ್ಲಿ ತೊದಲಿದ್ದು ಗುಮಾಸ್ತನ ಕಾಗದದಲ್ಲಿ ಕನ್ನಡವಾಗುವಾಗ ಒಂದು ಮಾತು ಸೋರಿದರೂ ಒಬ್ಬನ ಕುತ್ತಿಗೆ ಉಳಿದೀತು, ಇಲ್ಲವೇ ಹೋದೀತು. ಈ ಅಧ್ಯಾಯ ನಿಮ್ಮಂಥ ಎರಡೂ ನುಡಿ ಬಲ್ಲವರೇ ಬರೆಯಬೇಕು.

ಪತ್ತೇದಾರನನ್ನು ಬೆಂಗಳೂರಿಗೇ ಸಾಗಹಾಕಿ. ನೀರಗಂಟಿಯನ್ನು ನೂರನೇ ಪುಟದವರೆಗಾದರೂ ಬದುಕಿಸಿ. ಯುಗಾದಿಯೊಳಗೆ ಕಳಿಸಿದರೆ ನಾನೇ ಓದುತ್ತೇನೆ. ವಾಪಸಿನ ಅಂಚೆಚೀಟಿ ಈ ಸಲ ಇಡಬೇಡಿ.