ಡೀಸೆಲ್ ಗಾಡಿಗೆ ಹಾಕೋ ಯೂರಿಯಾ, ಮೂತ್ರದಲ್ಲಿರೋ ಯೂರಿಯಾ ಎರಡೂ ಒಂದೇನಾ? ಹಾಗಾದ್ರೆ ಮೂತ್ರಾನೇ ಹಾಕಬಹುದಲ್ವಾ?

ಯೂರಿಯಾ ಒಂದೇ, ಆದ್ರೆ ಮೂತ್ರ ಹಾಕೋ ಐಡಿಯಾ ಬಿಟ್ಬಿಡಿ. ನಮ್ಮ ಲಿವರ್ ಅಮೋನಿಯಾನ ಯೂರಿಯಾ ಮಾಡತ್ತೆ, ಕಿಡ್ನಿ ಅದನ್ನ ಸೋಸಿ ಆಚೆ ಹಾಕತ್ತೆ. ಗಾಡೀಲಿ ಇದು ಉಲ್ಟಾ, ಬಿಸಿ ಹೊಗೆಗೆ ಆಡ್‌ಬ್ಲೂ ಅನ್ನೋ ಯೂರಿಯಾ ದ್ರವ ಸ್ಪ್ರೇ ಆದಾಗ ಯೂರಿಯಾ ಒಡೆದು ಅಮೋನಿಯಾ ಆಗಿ, ಅದು ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆ ಬೇಗ ಆಗೋ ಹಾಗೆ ಮಾಡೋ ಪದಾರ್ಥ) ಮೇಲೆ ಹೊಗೇಲಿರೋ ವಿಷಕಾರಿ ನೈಟ್ರೋಜನ್ ಆಕ್ಸೈಡ್ ಜೊತೆ ಸೇರಿ ನೈಟ್ರೋಜನ್ನು, ನೀರು ಆಗೋಗತ್ತೆ. ಆ ದ್ರವದಲ್ಲಿ ಯೂರಿಯಾ 32.5%, ಉಳಿದಿದ್ದು ಶುದ್ಧ ನೀರು. ಮೂತ್ರದಲ್ಲಿ ಸುಮಾರು 2% ಅಷ್ಟೇ, ಜೊತೆಗೆ ಉಪ್ಪು, ಫಾಸ್ಫೇಟು ಬೇರೆ, ದುಬಾರಿ ಕ್ಯಾಟಲಿಸ್ಟ್ ಹಾಳಾಗತ್ತೆ. ಅಂದಹಾಗೆ ಆಡ್‌ಬ್ಲೂ ಟ್ಯಾಂಕ್ ಮುಚ್ಚಳದ ಸುತ್ತ ಬಿಳಿ ಪುಡಿ ಕಂಡ್ರೆ ಗಾಬರಿ ಬೇಡ, ಚೆಲ್ಲಿದ ಹನಿ ಒಣಗಿ ಯೂರಿಯಾ ಹರಳು ಕಟ್ಟಿರತ್ತೆ, ಒದ್ದೆ ಬಟ್ಟೇಲಿ ಒರೆಸಿದ್ರೆ ಹೋಗತ್ತೆ.