ಪೊರಕೆ ಕೋಲನ್ನು ಯಾಕೆ ಬಿಟ್ಟಿರಿ?

ನಮಸ್ಕಾರ.

ನೀವು ಕಳಿಸಿದ ‘ಮಹಿಳೆಯರ ಮತದಾನದ ಹಕ್ಕು: ಒಂದು ಪಕ್ಷಿನೋಟ’ ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಬೇಜಾರಾಗಬಹುದು. ಕಾರಣ ಹೇಳದೆ ವಾಪಸ್ ಕಳಿಸಿದರೆ ಇನ್ನೂ ಜಾಸ್ತಿ ಬೇಜಾರು, ಅಲ್ವಾ?

‘ಅನಾದಿ ಕಾಲದಿಂದಲೂ’ ಎಂದು ಶುರು ಮಾಡಿದ್ದೀರಿ. ನನ್ನ ಮೇಜಿಗೆ ಬರುವ ಲೇಖನಗಳಲ್ಲಿ ಅರ್ಧದಷ್ಟು ಹೀಗೇ ಶುರುವಾಗುತ್ತವೆ. ಆಮೇಲೆ ನಾಲ್ಕು ಪುಟದಲ್ಲಿ ಹನ್ನೊಂದು ದೇಶ ಸುತ್ತಿದ್ದೀರಿ, ಎಲ್ಲೂ ಕೂತಿಲ್ಲ. ಇಸವಿಗಳು ಸಿಗುತ್ತವೆ, ಮನುಷ್ಯರು ಸಿಗುವುದಿಲ್ಲ.

ಮೂರನೇ ಪುಟದಲ್ಲಿ ಒಂದು ಸಾಲಿದೆ: ‘1893ರಲ್ಲಿ ನ್ಯೂಜಿಲೆಂಡಿನಲ್ಲಿ ಮಹಿಳೆಯರಿಗೆ ಮತದಾನದ ಹಕ್ಕನ್ನು ನೀಡಲಾಯಿತು.’ ನನಗೆ ಸಿಟ್ಟು ಬಂದದ್ದು ಇಲ್ಲೇ. ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟ ಹಾಗಿದೆ! ಅಲ್ಲಿನ ಹೋರಾಟದ ಮುಂದಾಳು ಕೇಟ್ ಶೆಪರ್ಡ್ ಮತ್ತು ಜೊತೆಯ ಹೆಂಗಸರು ಈ ಹಕ್ಕು ಕೇಳುವ ಮನವಿಗೆ 1891ರಲ್ಲಿ ಸುಮಾರು 9,000 ಸಹಿ ಕೂಡಿಸಿದರು. ಕೆಲಸ ಆಗಲಿಲ್ಲ. ಮರುವರ್ಷ ಸುಮಾರು 20,000. ಆಗಲೂ ಇಲ್ಲ. 1893ರಲ್ಲಿ ಹತ್ತಿರ ಹತ್ತಿರ 32,000. ಅದರಲ್ಲಿ ದೊಡ್ಡ ಮನವಿಯ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಪೊರಕೆ ಕೋಲಿನ ತುಂಡಿಗೆ ಸುತ್ತಿದರು. ಉದ್ದ ಸುಮಾರು 270 ಮೀಟರ್. ಜಾನ್ ಹಾಲ್ ಎಂಬ ಸದಸ್ಯರು ಅದನ್ನು ಸಂಸತ್ತಿಗೆ ತಂದು ಸದನದ ನಡುವಿನ ದಾರಿಯಲ್ಲಿ ಉರುಳಿಸಿದರು. ಕೋಲು ಹೋಗಿ ಗೋಡೆಗೆ ‘ಧಡ್’ ಎಂದು ಬಡಿಯಿತು.

ಲೇಖನ ಶುರುವಾಗಬೇಕಾದದ್ದು ಆ ಸದ್ದಿನಿಂದ. ನೀವು ಪೊರಕೆಯನ್ನೇ ಬಿಟ್ಟಿದ್ದೀರಿ.

ಮೇಲ್ಮನೆಯ ಕಥೆ ಇನ್ನೂ ಮಜಾ ಇದೆ. ಮಸೂದೆ ಗೆದ್ದದ್ದು 20–18ರಲ್ಲಿ. ಅದನ್ನು ವಿರೋಧಿಸುತ್ತಿದ್ದ ಇಬ್ಬರು, ಪ್ರಧಾನಿ ಸೆಡನ್ ಮಸೂದೆ ಸೋಲಿಸಲು ಒಳಗಿಂದೊಳಗೆ ಕೈಯಾಡಿಸಿದ್ದಕ್ಕೆ ಸಿಟ್ಟಾಗಿ, ಅವರಿಗೆ ಮುಖಭಂಗ ಮಾಡಲೆಂದೇ ಪರವಾಗಿ ಮತ ಹಾಕಿದರು. ನಿಮ್ಮ ‘ನೀಡಲಾಯಿತು’ ಇಷ್ಟನ್ನೂ ನುಂಗಿಬಿಟ್ಟಿದೆ.

ಇನ್ನು ತಪ್ಪುಗಳು. ‘1918ರಲ್ಲಿ ಬ್ರಿಟನ್ನಿನ ಎಲ್ಲ ಮಹಿಳೆಯರಿಗೂ’ ಎಂದಿದ್ದೀರಿ. ‘ಎಲ್ಲ’ ಅಲ್ಲ. 30 ತುಂಬಿರಬೇಕಿತ್ತು, ಆಸ್ತಿಯ ಷರತ್ತೂ ಇತ್ತು. ಗಂಡಸರಿಗೆ 21 ಸಾಕಿತ್ತು. ಸಮಾನ ಹಕ್ಕು ಬಂದದ್ದು 1928ರಲ್ಲಿ. ಅಲ್ಲಿನ ಹೋರಾಟಗಾರ್ತಿ ಎಮಿಲಿ ಡೇವಿಸನ್ 1913ರ ಡರ್ಬಿ ಕುದುರೆ ರೇಸಿನಲ್ಲಿ ‘ಆತ್ಮಾಹುತಿ ಮಾಡಿಕೊಂಡರು’ ಎಂದು ಖಡಾಖಂಡಿತವಾಗಿ ಬರೆಯಬೇಡಿ. ರಾಜನ ಕುದುರೆಗೆ ಅಡ್ಡ ಹೋದದ್ದು ನಿಜ. ಸಾಯಲೆಂದೇ ಹೋದರೇ ಎಂಬ ಚರ್ಚೆ ಮುಗಿದಿಲ್ಲ. ಅವರ ಬಳಿ ವಾಪಸ್ ಬರುವ ರೈಲು ಟಿಕೆಟ್ ಇತ್ತು. (ಇದೇ ಎಮಿಲಿ 1911ರ ಜನಗಣತಿಯ ರಾತ್ರಿ ಸಂಸತ್ ಭವನದ ಕಪಾಟಿನಲ್ಲಿ ಅಡಗಿ ಕೂತಿದ್ದರು. ನನಗಂತೂ ಕುದುರೆಗಿಂತ ಕಪಾಟು ಇಷ್ಟ.)

‘ಹೆಣ್ಣು ಸಮಾಜದ ಕಣ್ಣು’ ಪ್ಯಾರಾ ತೆಗೆದುಬಿಡಿ. ಸುಮ್ನೆ ಜಾಗ ತಿನ್ನುತ್ತಿದೆ.

ಹತ್ತು ದೇಶ ಕೈಬಿಡಿ. ನ್ಯೂಜಿಲೆಂಡ್ ಒಂದನ್ನೇ ಹಿಡಿದು ಮತ್ತೆ ಬರೆಯಿರಿ. ಹಕ್ಕು ಬಂದ ಮೇಲೂ ಅಲ್ಲಿನ ಹೆಂಗಸರು ವೋಟು ಹಾಕಬಹುದಿತ್ತೇ ಹೊರತು ಸಂಸತ್ತಿನ ಚುನಾವಣೆಗೆ ನಿಲ್ಲುವಂತಿರಲಿಲ್ಲ. ಅದಕ್ಕೆ 1919ರವರೆಗೆ ಕಾಯಬೇಕಾಯಿತು. ಕೊನೆಯ ಪುಟಕ್ಕೆ ಅಷ್ಟು ಸಾಕು. ಮುಂದಿನ ತಿಂಗಳು 15ರೊಳಗೆ ಕಳಿಸಿದರೆ ನಾನೇ ಓದುತ್ತೇನೆ.

— ಸಂಪಾದಕ